ಕೇಳದೆ ಸೇರಿಸಿದ ಹೆಸರು

ಐಟಿ ಕಂಪನಿಯೊಂದು ಸಾವಿರಾರು ಜನರನ್ನು ಮನೆಗೆ ಕಳಿಸಿದರೆ ಅವರಿಗೆ ಬೇರೆ ಕೆಲಸ ಸಿಗಲೆಂದು ಅವರ ವಿವರಗಳ ಪಟ್ಟಿಯಾಗಿ ಸಂಜೆಯೊಳಗೆ ಎಲ್ಲೋ ಒಂದು ಗೂಗಲ್ ಶೀಟ್ ಹುಟ್ಟಿಕೊಳ್ಳುತ್ತದೆ. ಹೆಸರು, ಹುದ್ದೆ, ಎಷ್ಟು ವರ್ಷದ ಅನುಭವ, ಇರುವ ಊರು, ಮೊಬೈಲ್ ನಂಬರ್, ಈಗಿನ ಸಿಟಿಸಿ (ಒಟ್ಟು ಸಂಬಳ), ಕೇಳುವ ಸಿಟಿಸಿ. ಅಮೆರಿಕದಲ್ಲಿದ್ದರೆ ಯಾವ ವೀಸಾ ಎಂಬ ಕಾಲಂ ಕೂಡ. ಲಿಂಕ್ ಸಿಕ್ಕವರೆಲ್ಲ ನೋಡಬಹುದು, ಕೆಲವು ಸಲ ತಿದ್ದಲೂಬಹುದು. ಇದನ್ನು ಮಾಡುವವರು ಹೆಚ್ಚಾಗಿ ಜೊತೆಯಲ್ಲಿ ದುಡಿದವರೇ, ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಆದರೂ ಕೆಲಸ ಹೋದ ವ್ಯಕ್ತಿಯನ್ನು ಕೇಳದೆ ಹೆಸರು ಸೇರಿಸುವುದು ತಪ್ಪು. ಉಪಕಾರ ಮಾಡುವ ಉತ್ಸಾಹ ಒಪ್ಪಿಗೆಯ ಜಾಗದಲ್ಲಿ ನಿಲ್ಲಲಾರದು.

ಪಟ್ಟಿಗಳಿಂದ ಉಪಯೋಗವಿಲ್ಲ ಎಂದು ನಾನು ಹೇಳುತ್ತಿಲ್ಲ. 2022ರ ನವೆಂಬರ್‌ನಲ್ಲಿ ಮೆಟಾ 11,000 ಜನರನ್ನು, 2023ರ ಜನವರಿಯಲ್ಲಿ ಗೂಗಲ್ 12,000 ಜನರನ್ನು ತೆಗೆಯುವುದಾಗಿ ಹೇಳಿದವು. ಎಚ್‌-1ಬಿ ವೀಸಾದ ಮೇಲೆ ಅಮೆರಿಕದಲ್ಲಿದ್ದು ಕೆಲಸ ಕಳೆದುಕೊಂಡವರಿಗೆ ಹೊಸ ಕೆಲಸ ಹುಡುಕಿಕೊಳ್ಳಲು ಸಿಗುವುದು ಹೆಚ್ಚೆಂದರೆ 60 ದಿನ. ಮಕ್ಕಳನ್ನು ಅಲ್ಲಿನ ಶಾಲೆಗೆ ಸೇರಿಸಿರುವ ಬೆಂಗಳೂರಿನ ದಂಪತಿಗೆ ತಮ್ಮ ಹೆಸರು ನೂರು ಕಡೆ ಓಡಾಡಲಿ ಎನ್ನಿಸಿದರೆ ಅದು ಸಹಜ. ಹಾಗೆ ಅನ್ನಿಸಬೇಕಾದವರು ಅವರೇ, ಪಕ್ಕದ ಟೀಮಿನ ಮ್ಯಾನೇಜರ್ ಅಲ್ಲ.

ನಮ್ಮಲ್ಲಿ ತೊಡಕು ಇನ್ನೂ ಹೆಚ್ಚು. ಬೆಂಗಳೂರಿನಲ್ಲಿ ಎಷ್ಟೋ ಜನರ ಕೆಲಸ ಹೋಗುವುದು ಕಾಗದದ ಮೇಲೆ ರಾಜೀನಾಮೆಯಾಗಿ. ಎಚ್‌ಆರ್ ಮೀಟಿಂಗ್‌ಗೆ ಕರೆದು, ‘ನೀವೇ ರಿಸೈನ್ ಮಾಡಿ, ರಿಲೀವಿಂಗ್ ಲೆಟರ್ ಚೆನ್ನಾಗಿ ಕೊಡ್ತೀವಿ’ ಅನ್ನುತ್ತಾರೆ. ಬೇರೆ ದಾರಿಯಿಲ್ಲದೆ ಸಹಿ ಹಾಕಿದವರು ಮುಂದಿನ ಸಂದರ್ಶನದಲ್ಲಿ ತಾವೇ ರಾಜೀನಾಮೆ ಕೊಟ್ಟೆವೆಂದು ಹೇಳುತ್ತಾರೆ. ಅವರ ಹೆಸರು ಲೇಆಫ್ ಪಟ್ಟಿಯಲ್ಲಿ ಕಂಡರೆ ಹಿನ್ನೆಲೆ ಪರಿಶೀಲನೆ ಮಾಡುವವರ ಕಣ್ಣಿಗೆ ಅವರು ಸುಳ್ಳುಗಾರರು. ಮೆಟಾ 2025ರಲ್ಲಿ ತೆಗೆದವರನ್ನು ಕಡಿಮೆ ಸಾಧನೆ ತೋರಿದವರು ಎಂದೇ ಬಹಿರಂಗವಾಗಿ ಕರೆಯಿತು. ಅಂಥ ಸುತ್ತಿನ ಪಟ್ಟಿಯಲ್ಲಿ ಹೆಸರು ಬಂದರೆ ಆ ಹಣೆಪಟ್ಟಿಯೂ ಜೊತೆಗೇ ಬರುತ್ತದೆ, ನಿಜವಿರಲಿ ಸುಳ್ಳಿರಲಿ. ಊರಲ್ಲಿರುವ ಅಪ್ಪ ಅಮ್ಮನಿಗೆ ಇನ್ನೂ ವಿಷಯ ತಿಳಿಸದವರು, ಮದುವೆ ಮಾತುಕತೆಯಲ್ಲಿರುವವರು, ಗೃಹಸಾಲಕ್ಕೆ ಅರ್ಜಿ ಹಾಕಿದವರು ಇದ್ದೇ ಇರುತ್ತಾರೆ. ‘ನೋಂದಣಿ ಶುಲ್ಕ ಕಟ್ಟಿ, ಕೆಲಸ ಗ್ಯಾರಂಟಿ’ ಎಂದು ಫೋನ್ ಮಾಡುವ ವಂಚಕರಿಗಂತೂ ಕಂಗಾಲಾದವರ ನಂಬರ್‌ಗಳು ಒಂದೇ ಕಡೆ ಸಿಕ್ಕಂತಾಯಿತು.

‘ಲಿಂಕ್ಡ್‌ಇನ್‌ನಲ್ಲಿ ಹೇಗೂ ಎಲ್ಲ ಇದೆಯಲ್ಲ’ ಎಂಬ ವಾದ ಕೇಳಿದ್ದೇನೆ. ಅಲ್ಲಿ ಇರುವುದು ಆ ವ್ಯಕ್ತಿ ತಾನೇ ಬರೆದುಕೊಂಡದ್ದು, ಬೇಡವೆನಿಸಿದಾಗ ತಾನೇ ಅಳಿಸಬಹುದಾದದ್ದು. ಕೆಲಸ ಹೋಯಿತು ಎಂಬ ಮಾತನ್ನು ಅಲ್ಲಿ ಹಾಕಬೇಕೋ ಬೇಡವೋ ಎಂಬುದೂ ಅವರದೇ ತೀರ್ಮಾನ.

ಸರಿಯಾದ ದಾರಿ ಇಲ್ಲವೆಂದೇನಿಲ್ಲ. 2020ರ ಮೇ ತಿಂಗಳಲ್ಲಿ ಸುಮಾರು 1,900 ಜನರನ್ನು ತೆಗೆದ ಏರ್‌ಬಿಎನ್‌ಬಿ ಅವರಿಗಾಗಿ ಒಂದು ಸಾರ್ವಜನಿಕ ಡೈರೆಕ್ಟರಿ ಮಾಡಿತು. ಸೇರಬೇಕೆಂದವರು ಮಾತ್ರ ಸೇರಿದರು.

ಕಾನೂನಿನ ಮಾತಿಗೆ ಬಂದರೆ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿದ ಪ್ರಕರಣಕ್ಕೆ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವಂತಿರಬೇಕು ಎನ್ನುತ್ತದೆ. ಆದರೆ ವ್ಯಕ್ತಿ ತಾನಾಗಿ ಬಹಿರಂಗಪಡಿಸಿದ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಗಾಬರಿಯಲ್ಲಿ ರಾತ್ರಿ ಹನ್ನೊಂದಕ್ಕೆ ಶೀಟಿನಲ್ಲಿ ಸ್ವಂತ ನಂಬರ್ ತುಂಬುವವರಿಗೆ ಇದನ್ನು ಹೇಳುವವರು ಯಾರು?

ಆದ್ದರಿಂದ ಪಟ್ಟಿ ಮಾಡುವವರಲ್ಲಿ ನನ್ನ ಒತ್ತಾಯ ಇಷ್ಟು: ಹೆಸರನ್ನು ಅವರವರೇ ಸೇರಿಸಲಿ, ಅವರವರೇ ತೆಗೆಯುವಂತಿರಲಿ. ನಂಬರ್ ಮತ್ತು ಸಂಬಳ ಎಲ್ಲರಿಗೂ ಕಾಣುವುದು ಬೇಡ. ಮೂರು ತಿಂಗಳಾದ ಮೇಲೆ ಇಡೀ ಶೀಟ್ ಅಳಿಸಿಹೋಗಲಿ. ಕೆಲಸ ಸಿಕ್ಕಿ ವರ್ಷಗಳಾದವರನ್ನು ‘ಕೆಲಸ ಹೋದವರು’ ಎಂದು ಅದು ತೋರಿಸುತ್ತಲೇ ಇರಬಾರದು. ಇನ್ನು ಕೆಲಸದಿಂದ ತೆಗೆದವರ ಪಟ್ಟಿಯನ್ನು ಅವರಿಗೇ ತಿಳಿಸದೆ ನೇಮಕಾತಿ ಏಜೆನ್ಸಿಗಳಿಗೆ ದಾಟಿಸುವ ಕಂಪನಿಗಳಿದ್ದರೆ, ಅವನ್ನು ಕಾರ್ಮಿಕ ಇಲಾಖೆ ಕರೆಸಿ ಕೇಳಲೇಬೇಕು.