ದೃಶ್ಯ ತಂತ್ರಜ್ಞಾನ: ಮೆರುಗಿಗಿಂತ ನಂಬಿಕೆ ಮುಖ್ಯ

ವ್ಯಾಪಾರದಲ್ಲಿ ಕಣ್ಣಿಗೆ ಕಾಣುವುದಕ್ಕೆ ಎಂದಿನಿಂದಲೂ ಬೆಲೆಯುಂಟು. ಬಣ್ಣದ ನಾಮಫಲಕ, ಗಾಜಿನ ಕಪಾಟು, ಹೊಸ ವರ್ಷಕ್ಕೆ ಹಂಚುತ್ತಿದ್ದ ದೇವರ ಚಿತ್ರದ ಕ್ಯಾಲೆಂಡರ್ ಇವೆಲ್ಲ ನಮ್ಮ ಹಿರಿಯ ವರ್ತಕರು ಬಳಸಿದ ದೃಶ್ಯ ಮಾಧ್ಯಮಗಳೇ. ಇಂದು ಅವುಗಳ ಜೊತೆಗೆ ಎಲ್‌ಇಡಿ ಪರದೆ, ಮೂರು ಆಯಾಮದ ಚಿತ್ರ, ಆಗ್ಮೆಂಟೆಡ್ ರಿಯಾಲಿಟಿ ಹಾಗೂ ಕೃತಕ ಬುದ್ಧಿಮತ್ತೆಯಿಂದ ರಚಿಸಿದ ಚಿತ್ರಗಳು ಸೇರಿಕೊಂಡಿವೆ. ಇವುಗಳಲ್ಲಿ ಯಾವುದಕ್ಕೆ ಹಣ ಹೂಡಬೇಕೆಂಬ ಪ್ರಶ್ನೆ ಸಣ್ಣ ಉದ್ಯಮಿಗಳನ್ನು ಕಾಡುತ್ತಿದೆ. ಗ್ರಾಹಕನ ಕಣ್ಣು ಕೋರೈಸುವ ತಂತ್ರಕ್ಕಿಂತ ಅವನ ಸಂದೇಹವನ್ನು ನಿವಾರಿಸುವ ತಂತ್ರಕ್ಕೆ ಹೂಡುವುದೇ ಲಾಭಕರ ಎಂಬುದು ನನ್ನ ಅಭಿಪ್ರಾಯ.

ಸ್ವೀಡನ್ ಮೂಲದ ಪೀಠೋಪಕರಣ ಸಂಸ್ಥೆಯಾದ ಐಕಿಯಾ 2017ರಲ್ಲಿ ಒಂದು ಮೊಬೈಲ್ ಆ್ಯಪ್ ಹೊರತಂದಿತು. ಗ್ರಾಹಕನು ತನ್ನ ಕೋಣೆಯತ್ತ ಫೋನಿನ ಕ್ಯಾಮೆರಾ ಹಿಡಿದರೆ, ಆಯ್ದ ಕುರ್ಚಿ ಅಥವಾ ಸೋಫಾ ಅದರ ಅಳತೆಗೆ ತಕ್ಕಂತೆ ಅಲ್ಲಿಯೇ ಇರಿಸಿದ ಹಾಗೆ ಪರದೆಯ ಮೇಲೆ ಕಾಣುತ್ತಿತ್ತು. ‘ಇದು ನಮ್ಮ ಮನೆಗೆ ಹೊಂದುವುದೇ?’ ಎಂಬ ಸಂದೇಹಕ್ಕೆ ಅದು ಉತ್ತರ ನೀಡಿತು. ಕನ್ನಡಕದ ಚೌಕಟ್ಟನ್ನು ಗ್ರಾಹಕನ ಮುಖದ ಚಿತ್ರದ ಮೇಲೆಯೇ ಕೂರಿಸಿ ತೋರಿಸುವ ಸೌಲಭ್ಯದ ಹಿಂದೆಯೂ ಇದೇ ತತ್ತ್ವವಿದೆ.

ಅಂತಹ ಬಂಡವಾಳ ನಮ್ಮಲ್ಲಿಲ್ಲ ಎಂಬುದು ನಿಜ. ಆದರೆ ಅಗ್ಗದ ಸಾಧನಗಳೂ ಇದೇ ಕಾರ್ಯವನ್ನು ಮಾಡಬಲ್ಲವು. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಸಂಸ್ಥೆಯು ಮೋಟಾರು ವಾಹನಗಳ ಬಿಡಿಭಾಗಗಳ ಲೆಕ್ಕವಿಡಲು ರೂಪಿಸಿದ ಕ್ಯೂಆರ್ ಕೋಡ್ ಇಂದು ಚಹಾದಂಗಡಿಯಲ್ಲೂ ಇದೆ. ನಾವು ಅದನ್ನು ಬಹುಮಟ್ಟಿಗೆ ಹಣ ಪಡೆಯುವುದಕ್ಕಷ್ಟೇ ಬಳಸುತ್ತಿದ್ದೇವೆ. ಚನ್ನಪಟ್ಟಣದ ಗೊಂಬೆಯ ಪೆಟ್ಟಿಗೆಯ ಮೇಲೆ ಅಂತಹುದೊಂದು ಕೋಡ್ ಮುದ್ರಿಸಿ, ಆಲೆ ಮರವನ್ನು ಕಡೆಯುವ, ತಿರುಗುವ ಮರಕ್ಕೆ ಅರಗಿನ ಬಣ್ಣ ಹಿಡಿಸುವ ಒಂದು ನಿಮಿಷದ ಚಿತ್ರವನ್ನು ಅದಕ್ಕೆ ಜೋಡಿಸಿದರೆ, ಈ ಗೊಂಬೆಗೆ ಪ್ಲಾಸ್ಟಿಕ್ ಆಟಿಕೆಗಿಂತ ಹೆಚ್ಚು ಬೆಲೆ ಏಕೆಂಬುದನ್ನು ವರ್ತಕರು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮವು ಮೈಸೂರು ರೇಷ್ಮೆ ಸೀರೆಗಳಿಗೆ ಹೊಲೊಗ್ರಾಂ ಹಾಗೂ ಪ್ರತ್ಯೇಕ ಸಂಕೇತ ಸಂಖ್ಯೆಯನ್ನು ನೀಡುತ್ತಿರುವುದೂ ‘ಇದು ಅಸಲಿಯೇ?’ ಎಂಬ ಪ್ರಶ್ನೆಗೆ ಉತ್ತರವಾಗಿಯೇ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಕೃತಕ ಬುದ್ಧಿಮತ್ತೆಯ ನೆರವಿನಿಂದ ಸಾಧಾರಣ ಸೀರೆಗೂ ಇಲ್ಲದ ಜರಿಯ ಹೊಳಪನ್ನು ಚಿತ್ರದಲ್ಲಿ ತರಬಹುದು. ಆದರೆ ಪೊಟ್ಟಣ ಬಿಚ್ಚಿದ ಕ್ಷಣದಲ್ಲಿ ಗ್ರಾಹಕನಿಗೆ ನಿಜ ತಿಳಿಯುತ್ತದೆ. ಮಾಲು ಹಿಂದಿರುಗುತ್ತದೆ, ಸಾಗಣೆಯ ವೆಚ್ಚ ನಮ್ಮ ತಲೆಗೆ ಬರುತ್ತದೆ, ಹೆಸರೂ ಕೆಡುತ್ತದೆ. ಅಲ್ಲದೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರ ಮೇಲೆ 10 ಲಕ್ಷ ರೂಪಾಯಿಗಳವರೆಗೆ, ತಪ್ಪು ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಸಣ್ಣ ಘಟಕವೊಂದು ಇಂತಹ ಪೆಟ್ಟಿನಿಂದ ಚೇತರಿಸಿಕೊಳ್ಳುವುದು ಕಷ್ಟ.

ಒಳ್ಳೆಯ ಕ್ಯಾಮೆರಾ, ಬೆಳಕಿನ ವ್ಯವಸ್ಥೆ, ವಸ್ತುವನ್ನು ಎಲ್ಲ ದಿಕ್ಕುಗಳಿಂದ ಚಿತ್ರಿಸಲು ತಿರುಗುವ ಮೇಜು ಮತ್ತು ಒಬ್ಬ ತರಬೇತಾದ ತಂತ್ರಜ್ಞ, ಇಷ್ಟಿದ್ದರೆ ಮೂರು ಆಯಾಮದ ಚಿತ್ರವನ್ನೂ ಸಿದ್ಧಪಡಿಸಬಹುದು. ಒಬ್ಬೊಬ್ಬರೇ ಇದನ್ನು ಹೊಂದುವುದು ದುಬಾರಿ. ಹತ್ತಾರು ಘಟಕಗಳು ಕೂಡಿದರೆ ಹೊರೆಯಾಗದು. ಯಂತ್ರೋಪಕರಣಗಳಿಗಾಗಿ ಸಾಮಾನ್ಯ ಸೌಲಭ್ಯ ಕೇಂದ್ರಗಳನ್ನು ಸ್ಥಾಪಿಸಿಕೊಳ್ಳುವ ಪದ್ಧತಿ ನಮ್ಮ ಸಣ್ಣ ಕೈಗಾರಿಕೆಗಳಿಗೆ ಹೊಸದಲ್ಲ. ಅದೇ ಮಾದರಿಯಲ್ಲಿ ಪ್ರತಿ ಜಿಲ್ಲೆಯ ವಾಣಿಜ್ಯ ಸಂಸ್ಥೆಯೂ ಸದಸ್ಯರಿಗಾಗಿ ಒಂದು ಚಿತ್ರೀಕರಣ ಕೇಂದ್ರವನ್ನು ಆರಂಭಿಸಲು ಮುಂದಾಗಬೇಕು.

ಪರದೆಯ ಮೇಲೆ ಕಂಡ ಮಾಲು ಮತ್ತು ಕೈಗೆ ಬಂದ ಮಾಲು ಒಂದೇ ಆಗಿದ್ದರೆ ಗ್ರಾಹಕನು ಮತ್ತೆ ಬರುತ್ತಾನೆ. ಹೊಸ ಸಾಧನಗಳನ್ನು ಕೊಳ್ಳುವ ಮುನ್ನ ನಮ್ಮ ವರ್ತಕ ಬಾಂಧವರು ಇದನ್ನು ಗಮನದಲ್ಲಿಡುವುದು ಒಳಿತು.