ಬೆರಳೊಂದೆಡೆ, ಬಾಣವೊಂದೆಡೆ

ಹೊಯ್ಸಳ ವಿಷ್ಣುವರ್ಧನನ ರಾಜ್ಯಕ್ಕೆ ನಂಗಲಿಯ ಘಟ್ಟವು ಮೂಡಣದ ಎಲ್ಲೆಯಾಗಿತ್ತು. ಎಲ್ಲೆಯನ್ನರಿಯದೆ ಯಂತ್ರವೂ ದಾರಿ ತಪ್ಪುವುದುಂಟು. ಲಿನಕ್ಸ್ ನಡೆಸುವ ಲ್ಯಾಪ್‌ಟಾಪಿನ ಬಲಕ್ಕೆ ಅಷ್ಟೇ ಅಳತೆಯ ಸ್ಪರ್ಶಪರದೆಯೊಂದನ್ನು ಜೋಡಿಸಿ, ಅದರ ನಡುವನ್ನು ಮುಟ್ಟಿರಿ. ಹಳೆಯ ‘ಎಕ್ಸ್’ ವ್ಯವಸ್ಥೆಯಲ್ಲಾದರೆ ಬಾಣದ ಗುರುತು ಎರಡು ಪರದೆಗಳ ಗಡಿಯಲ್ಲಿ ಹೋಗಿ ನಿಲ್ಲುತ್ತದೆ!

2001ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಸಿಂಪ್ಯೂಟರಿನಲ್ಲಿಯೂ ಲಿನಕ್ಸ್ ಮತ್ತು ಸ್ಪರ್ಶಪರದೆಗಳು ಇದ್ದವು. ಪರದೆ ಒಂದೇ ಆದುದರಿಂದ ಈ ತೊಡಕಿರಲಿಲ್ಲ. ಇಲ್ಲಿಯಾದರೋ ಚಿತ್ರವು ಹೋಗುವ ಮಾರ್ಗ ಬೇರೆ, ಸ್ಪರ್ಶವು ಬರುವ ಮಾರ್ಗ ಬೇರೆ. ಎರಡೂ ಒಂದೇ ಗಾಜಿಗೆ ಸೇರಿದವೆಂದು ತಿಳಿಯದ ಗಣಕಯಂತ್ರವು ಸ್ಪರ್ಶವನ್ನು ಎರಡು ಪರದೆಗಳ ಒಟ್ಟು ಅಗಲಕ್ಕೂ ಹರಡಿಬಿಡುತ್ತದೆ. ಆ ಅಗಲವನ್ನು 1 ಎಂದಿಟ್ಟುಕೊಳ್ಳಿ. ಬೆರಳಿನ ಸ್ಥಾನವನ್ನು 0.5ರಿಂದ ಗುಣಿಸಿ 0.5 ಕೂಡಿಸಿದರೆ, ನಡುವು 0.75ಕ್ಕೆ, ಅಂದರೆ ತನ್ನ ನಿಜವಾದ ಜಾಗಕ್ಕೆ, ಬರುತ್ತದೆ.

ಒಂಬತ್ತು ಅಂಕಿಗಳ ಮಾತೃಕೆಯಲ್ಲಿ ಅಡಗಿರುವುದು ಇಷ್ಟೇ. ಪರದೆಯ ಹೆಸರು ಹೇಳಿದರೆ ‘ಎಕ್ಸ್‌ಇನ್‌ಪುಟ್’ ಆಜ್ಞೆಯೇ ಅದನ್ನು ತುಂಬುವುದು ನಿಜ. ಆದರೂ ವಿದ್ಯಾರ್ಥಿಗಳು ಆಜ್ಞೆಯನ್ನು ಬಾಯಿಪಾಠ ಮಾಡುವ ಮುನ್ನ ಒಮ್ಮೆ ಕೈಯಾರೆ ಲೆಕ್ಕ ಹಾಕಬೇಕೆಂಬುದು ನನ್ನ ಮತ. ಬೇರೊಬ್ಬರಿಂದ ನಕಲು ಮಾಡಿದ ಅಂಕಿಗಳು, ಪರದೆಯ ಅಳತೆ ಬೇರೆಯಾದೊಡನೆ ಕೈಕೊಡುತ್ತವೆ. ನಂಗಲಿಯ ಪ್ರೌಢಶಾಲೆಯ ಬಾಲಕನಿಗೂ ಇದು ನಿಲುಕದ ಗಣಿತವಲ್ಲ. ಸ್ಪರ್ಶಪರದೆಯನ್ನು ಎಡಕ್ಕಿಟ್ಟರೆ ಕೂಡಿಸಬೇಕಾದುದೆಷ್ಟು? ವಾಚಕರೇ ಹೇಳಲಿ.