ಊರ ರಾಡಿ ಹೊಲಕ್ಕೆ ಬರಲಿ, ಹಸಿಯಾಗಿ ಬೇಡ



ತೆಲಸಂಗ ಭಾಗದ ಹೊಲಗಳಿಗೆ ಕೃಷ್ಣಾ ದಂಡೆಯ ಭಾಗ್ಯವಿಲ್ಲ. ಮಳೆಯನ್ನೂ ಕೊಳವೆಬಾವಿಯನ್ನೂ ನಂಬಿ ಜೋಳ, ಕಡಲೆ, ದ್ರಾಕ್ಷಿ ಬೆಳೆಯುವ ನಮಗೆ ಸೇಂದ್ರಿಯ ಗೊಬ್ಬರ ಬಿದ್ದಷ್ಟೂ ಮಣ್ಣಿನಲ್ಲಿ ತೇವ ನಿಲ್ಲುತ್ತದೆ. ಆದರೆ ದನಗಳು ಕಡಿಮೆಯಾದ ಮನೆಯಲ್ಲಿ ತಿಪ್ಪೆಯೂ ಸಣ್ಣದು. ಪಟ್ಟಣದ ಪಾಯಖಾನೆ ಗುಂಡಿಗಳ ರಾಡಿಯನ್ನು ಟ್ಯಾಂಕರಿನಲ್ಲಿ ತಂದು ಹೊಲಕ್ಕೆ ಬಿಡಿಸಿಕೊಳ್ಳಬಾರದೇಕೆ ಎಂಬ ಪ್ರಶ್ನೆ ಸಹಜ. ಬೆಂಗಳೂರಿನ ಸುತ್ತಲಿನ ರೈತರು ಹಾಗೆ ಬಿಡಿಸಿಕೊಂಡದ್ದೂ ಉಂಟು. ರಾಡಿ ಬರಲಿ, ಆದರೆ ಹಸಿಯಾಗಿ ಬೇಡ ಎಂಬುದು ನನ್ನ ಅಭಿಪ್ರಾಯ.

ಕಾರಣ ಕೇಳಿರಿ. ಗಾಳಿಯಾಡದೆ ನಿಂತ ರಾಡಿಯಲ್ಲಿ ಸೂಕ್ಷ್ಮಜೀವಿಗಳು ಮೀಥೇನ್ ಅನಿಲವನ್ನು ಹುಟ್ಟಿಸುತ್ತವೆ. ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದೂ ಇದೇ. ಉರಿಸದೆ ಬಯಲಿಗೆ ಬಿಟ್ಟರೆ ಇದು ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚಾಗಿ ಭೂಮಿಯನ್ನು ಕಾಯಿಸುತ್ತದೆ. ರಾಡಿಯಲ್ಲಿರುವ ಸಾರಜನಕದ ಸ್ವಲ್ಪ ಭಾಗ ನೈಟ್ರಸ್ ಆಕ್ಸೈಡ್ ಆಗಿ ಹಾರುತ್ತದೆ. ಅದರ ಬಲ ಸುಮಾರು 270 ಪಟ್ಟು. ಇನ್ನಷ್ಟು ಸಾರಜನಕ ಅಮೋನಿಯವಾಗಿ ಹೋಗುತ್ತದೆ.

ಇದು ವಿಜ್ಞಾನಿಗಳ ಚಿಂತೆ, ನಮಗೇನು ಎನ್ನಬೇಡಿರಿ. ಹಾರಿಹೋದ ಮೀಥೇನ್ ನಿಮ್ಮ ಒಲೆಯ ಉರುವಲು. ಹಾರಿಹೋದ ಸಾರಜನಕ ನೀವು ರೊಕ್ಕ ಕೊಟ್ಟು ತರುವ ಯೂರಿಯಾ. ಕಾದ ಭೂಮಿಯಲ್ಲಿ ಮಳೆ ಏರುಪೇರಾದರೆ ಮೊದಲು ಬಾಡುವುದು ಒಣಬೇಸಾಯದ ಬೆಳೆ.

ಆರೋಗ್ಯದ ಮಾತೂ ಇದೆ. ಹಸಿ ರಾಡಿಯಲ್ಲಿ ಜಂತುಹುಳುವಿನ ತತ್ತಿಗಳೂ ರೋಗಾಣುಗಳೂ ಇರುತ್ತವೆ. ಕಾರ್ಖಾನೆಗಳ ನೀರು ಕೂಡಿದ ಗಟಾರಿನ ರಾಡಿಯಾದರೆ ಸೀಸ, ಕ್ಯಾಡ್ಮಿಯಂ ಸಹ ಬರಬಹುದು. ಇವು ಒಮ್ಮೆ ಮಣ್ಣು ಸೇರಿದರೆ ಹೋಗುವುದು ಕಷ್ಟ. 1985ರ ರಸಗೊಬ್ಬರ ನಿಯಂತ್ರಣ ಆದೇಶದನ್ವಯ ನಗರ ಕಾಂಪೋಸ್ಟಿನಲ್ಲಿ ಕಿಲೋಗೆ ಸೀಸ 100 ಮಿ.ಗ್ರಾಂ., ಕ್ಯಾಡ್ಮಿಯಂ 5 ಮಿ.ಗ್ರಾಂ. ಮೀರುವಂತಿಲ್ಲ. ಪರೀಕ್ಷೆಯ ಚೀಟಿ ತೋರಿಸದ ಮಾಲನ್ನು ಪುಕ್ಕಟೆ ಕೊಟ್ಟರೂ ಬೇಡವೆನ್ನಿರಿ.

ದಾರಿ ಇಲ್ಲದಿಲ್ಲ. ದೇವನಹಳ್ಳಿಯಲ್ಲಿ 2015ರಲ್ಲಿ ಗುಂಡಿಗಳ ರಾಡಿಗೆಂದೇ ಸಂಸ್ಕರಣಾ ಘಟಕ ಆರಂಭವಾಯಿತು. ಅಲ್ಲಿ ರಾಡಿಯನ್ನು ಒಣಗಿಸಿ, ಪಟ್ಟಣದ ಹಸಿ ಕಸದೊಂದಿಗೆ ಕೊಳೆಸಿ ಗೊಬ್ಬರ ಮಾಡುವ ಕ್ರಮ ಬಂದಿತು. ನಮ್ಮ ಪಟ್ಟಣಗಳೂ ಅನಿಲವನ್ನು ಹಿಡಿದು ಉರಿಸಿ, ಉಳಿದುದನ್ನು ಗೊಬ್ಬರ ಮಾಡಿ ಕೊಡಲಿ. ಹಾಗೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿ ಕೇಳುವುದು ನಮ್ಮ ಹಕ್ಕು.

ಅಲ್ಲಿಯವರೆಗೆ ನಮ್ಮ ಮನೆಯ ಕೆಲಸ ನಾವು ಮಾಡೋಣ. ಎರಡು ಗುಂಡಿಯ ಪಾಯಖಾನೆಯಿದ್ದರೆ, ತುಂಬಿದ ಗುಂಡಿಯನ್ನು ಮುಚ್ಚಿ ಎರಡು ವರ್ಷ ಬಿಡಿರಿ. ಗೋಬರ್ ಗ್ಯಾಸಿನ ಕೊಳವೆ ಸೋರುತ್ತಿದ್ದರೆ ಈ ವಾರವೇ ಸರಿಪಡಿಸಿರಿ. ತಿಪ್ಪೆಯಲ್ಲಿ ಮಳೆನೀರು ನಿಲ್ಲಗೊಡದೆ, ಸಗಣಿಯೊಂದಿಗೆ ಜೋಳದ ಕೂಳೆ, ಹೊಟ್ಟು, ಕಸವನ್ನು ಪದರಪದರವಾಗಿ ಹಾಕಿ, ಮೇಲೆ ಮಣ್ಣು ಹೊದಿಸಿರಿ. ಆಗ ತಿಪ್ಪೆಯ ಸತ್ವ ಗಾಳಿಗೆ ಹೋಗದೆ ಹೊಲಕ್ಕೆ ಸೇರುವುದು.